ಕಾಂಗ್ರೆಸ್ ವ್ಯವಹಾರಗಳ ಕಚೇರಿ (ಸಿ.ಐ.ಎ.)

ಕಾಂಗ್ರೆಸ್ ವ್ಯವಹಾರಗಳ ಕಚೇರಿಯು ಅಮೆರಿಕ ಸಂಯುಕ್ತ ಸಂಸ್ಥಾನದ ಕೇಂದ್ರೀಯ ಗುಪ್ತಚರ ಸಂಸ್ಥೆಯಾದ ಸಿ.ಐ.ಎ.ಯ ಒಂದು ವಿಭಾಗ. ಸಂಸ್ಥೆಗೂ ಆ ದೇಶದ ಶಾಸನಸಭೆಗೂ ನಡುವಣ ದಿನನಿತ್ಯದ ವ್ಯವಹಾರವೆಲ್ಲ ಈ ಕಚೇರಿಯ ಮೂಲಕ ನಡೆಯುತ್ತದೆ. ಇಲ್ಲಿ 'ಕಾಂಗ್ರೆಸ್' ಎಂದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆಗಳೆಂಬ ಎರಡು ಸದನಗಳುಳ್ಳ ಅಮೆರಿಕದ ಸಂಸತ್ತು; ಭಾರತದ ರಾಜಕೀಯ ಪಕ್ಷವಲ್ಲ. ಗೋಪ್ಯತೆಯೇ ಉಸಿರಾಗಿರುವ ಒಂದು ಸಂಸ್ಥೆಯು, ಬಹಿರಂಗ ಚರ್ಚೆಯೇ ಧರ್ಮವಾಗಿರುವ ಒಂದು ಸಭೆಗೆ ಉತ್ತರ ಹೇಳಬೇಕಾದ ಸನ್ನಿವೇಶದಿಂದ ಈ ಕಚೇರಿ ಹುಟ್ಟಿತು. ಗುಪ್ತಚರ ಸಮಿತಿಗಳಿಗೆ 'ಸಂಪೂರ್ಣವಾಗಿ ಮತ್ತು ಸಕಾಲಿಕವಾಗಿ' ಮಾಹಿತಿ ನೀಡಬೇಕೆಂದು ಕಾನೂನು ವಿಧಿಸುತ್ತದೆ. ಆದರೆ ಯಾವ ವಿಷಯವನ್ನು, ಯಾರಿಗೆ, ಯಾವ ದಿನ, ಎಷ್ಟು ಸ್ಪಷ್ಟವಾಗಿ ತಿಳಿಸಿದರೆ ಆ ಮಾತು ಪಾಲನೆಯಾದಂತೆ ಎಂಬುದನ್ನು ನಿರ್ಧರಿಸುತ್ತ ಬಂದಿರುವುದು ಬಹುಮಟ್ಟಿಗೆ ದೈನಂದಿನ ರೂಢಿ. ಆ ರೂಢಿ ಕೆಟ್ಟಾಗಲೆಲ್ಲ ಅಧಿಕಾರಿಗಳು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ, ಕಾನೂನುಗಳು ತಿದ್ದುಪಡಿಯಾಗಿವೆ.

ಆರಂಭದ ದಿನಗಳು

ಸಿ.ಐ.ಎ.ಯು 1947ರ ರಾಷ್ಟ್ರೀಯ ಭದ್ರತಾ ಕಾಯಿದೆಯಿಂದ ಸ್ಥಾಪಿತವಾಯಿತು. ಅದಕ್ಕೂ ಒಂದು ವರ್ಷ ಮೊದಲೇ, ಅದರ ಪೂರ್ವರೂಪವಾಗಿದ್ದ ಕೇಂದ್ರೀಯ ಗುಪ್ತಚರ ಗುಂಪಿನಲ್ಲಿ, ವಾಲ್ಟರ್ ಫೋರ್ಜ್‌ಹೈಮರ್ ಎಂಬ ವಕೀಲರು ಶಾಸನ ಸಲಹೆಗಾರರಾಗಿ ನೇಮಕಗೊಂಡಿದ್ದರು. 1956ರವರೆಗೆ ಕಾಂಗ್ರೆಸ್ಸಿನೊಡನೆ ಸಂಪರ್ಕವನ್ನು ಅವರೇ ನೋಡಿಕೊಂಡರು. ಸಂಸ್ಥೆಯ ಖರ್ಚುವೆಚ್ಚಗಳನ್ನು ಗೋಪ್ಯವಾಗಿಡಲು ಅವಕಾಶ ಕಲ್ಪಿಸಿದ 1949ರ ಸಿ.ಐ.ಎ. ಕಾಯಿದೆಯು ಕಾಂಗ್ರೆಸ್ಸಿನ ಒಪ್ಪಿಗೆ ಪಡೆದದ್ದು ಅವರ ಅವಧಿಯಲ್ಲಿಯೇ. ಫೋರ್ಜ್‌ಹೈಮರ್ ಪುಸ್ತಕಪ್ರೇಮಿ, ಶಾಸನ ವಿಭಾಗವನ್ನು ಬಿಟ್ಟ ಮೇಲೆ ಸಂಸ್ಥೆಗಾಗಿ ಗುಪ್ತಚರ ಇತಿಹಾಸದ ಗ್ರಂಥಸಂಗ್ರಹವೊಂದನ್ನು ಕಟ್ಟಿದರು. ಅವರ ನಂತರ ಜಾನ್ ವಾರ್ನರ್ 1968ರವರೆಗೆ ಆ ಸ್ಥಾನದಲ್ಲಿದ್ದರು.

ಆ ಕಾಲದಲ್ಲಿ ಸಂಸ್ಥೆಯು ಉತ್ತರ ಹೇಳಬೇಕಾಗಿದ್ದುದು ಸಶಸ್ತ್ರ ಪಡೆಗಳ ಸಮಿತಿ ಮತ್ತು ಧನವಿನಿಯೋಗ ಸಮಿತಿಗಳ ಸಣ್ಣ ಉಪಸಮಿತಿಗಳಿಗೆ ಮಾತ್ರ. ಸೆನೆಟ್ಟಿನಲ್ಲಿ ರಿಚರ್ಡ್ ರಸೆಲ್, ಪ್ರತಿನಿಧಿ ಸಭೆಯಲ್ಲಿ ಕಾರ್ಲ್ ವಿನ್ಸನ್ ಮತ್ತು ಕ್ಲಾರೆನ್ಸ್ ಕ್ಯಾನನ್ ಮೊದಲಾದ ಹಿರಿಯರು ಅವುಗಳನ್ನು ನಡೆಸುತ್ತಿದ್ದರು. ಸಭೆಗಳು ವಿರಳ, ದಾಖಲೆಗಳು ಇನ್ನೂ ವಿರಳ. ವಿಷಯವನ್ನು ಬಹುಮಟ್ಟಿಗೆ ಬಾಯಿಮಾತಿನಲ್ಲಿ, ಸಮಿತಿಯ ಅಧ್ಯಕ್ಷರಿಗೆ ಖಾಸಗಿಯಾಗಿ ತಿಳಿಸಲಾಗುತ್ತಿತ್ತು. 1956ರಲ್ಲಿ ಸೆನೆಟರ್ ಮೈಕ್ ಮ್ಯಾನ್ಸ್‌ಫೀಲ್ಡ್ ಅವರು ಗುಪ್ತಚರ ವಿಷಯಗಳಿಗಾಗಿಯೇ ಒಂದು ಜಂಟಿ ಸಮಿತಿ ಬೇಕೆಂದು ಮಂಡಿಸಿದ ನಿರ್ಣಯವು 27ಕ್ಕೆ ಎದುರಾಗಿ 59 ಮತಗಳಿಂದ ಬಿದ್ದುಹೋಯಿತು. ಆ ಚರ್ಚೆಯಲ್ಲಿ ಸೆನೆಟರ್ ಲೆವರೆಟ್ ಸಾಲ್ಟನ್‌ಸ್ಟಾಲ್ ಅವರು, ಪ್ರಶ್ನೆ ಕೇಳಿದರೆ ಉತ್ತರ ದೊರೆಯುತ್ತದೆ, ಆದರೆ ಕೆಲವು ಸಂಗತಿಗಳನ್ನು ತಿಳಿಯದಿರುವುದೇ ತಮಗೆ ಲೇಸೆನಿಸುತ್ತದೆ ಎಂಬರ್ಥದಲ್ಲಿ ಮಾತನಾಡಿದರು. ಆ ಕಾಲದ ಮನೋಭಾವಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ನಿದರ್ಶನ ಸಿಗುವುದು ಕಷ್ಟ. ಹೇಳುವವರಿಗೆ ಹೇಳುವ ಮನಸ್ಸಿರಲಿಲ್ಲ, ಕೇಳುವವರಿಗೆ ಕೇಳುವ ಮನಸ್ಸಿರಲಿಲ್ಲ.

ಹೆಲ್ಮ್ಸ್ ಪ್ರಕರಣ ಮತ್ತು ಹೊಸ ವ್ಯವಸ್ಥೆ

ಈ ಖಾಸಗಿ ಒಡಂಬಡಿಕೆಯ ಅಪಾಯ ರಿಚರ್ಡ್ ಹೆಲ್ಮ್ಸ್ ಅವರ ಪ್ರಸಂಗದಲ್ಲಿ ಬಯಲಾಯಿತು. ಸಿ.ಐ.ಎ. ನಿರ್ದೇಶಕ ಸ್ಥಾನದಿಂದ ಇಳಿದ ಹೆಲ್ಮ್ಸ್ ಅವರನ್ನು ಇರಾನಿನ ರಾಯಭಾರಿಯಾಗಿ ನೇಮಿಸುವ ಪ್ರಸ್ತಾವವು 1973ರಲ್ಲಿ ಸೆನೆಟ್ಟಿನ ವಿದೇಶಾಂಗ ಸಮಿತಿಯ ಮುಂದೆ ಬಂದಾಗ, ಚಿಲಿ ದೇಶದ ರಾಜಕೀಯದಲ್ಲಿ ಸಂಸ್ಥೆಯು ಕೈಯಾಡಿಸಿತ್ತೇ ಎಂಬ ಪ್ರಶ್ನೆಗೆ ಅವರು ಇಲ್ಲವೆಂಬಂತೆ ಉತ್ತರಿಸಿದರು. ರಹಸ್ಯವನ್ನು ಕಾಪಾಡುವ ಪ್ರಮಾಣವಚನ ಒಂದೆಡೆ, ಸಮಿತಿಯ ಮುಂದೆ ಸತ್ಯ ಹೇಳುವ ಪ್ರಮಾಣವಚನ ಇನ್ನೊಂದೆಡೆ. ಪ್ರಶ್ನಿಸಿದ ಸಮಿತಿಯಾದರೋ ಅಂದಿನ ರೂಢಿಯ ಪ್ರಕಾರ ಇಂಥ ವಿಷಯಗಳನ್ನು ತಿಳಿಯಬೇಕಾದ ಸಮಿತಿಗಳ ಸಾಲಿಗೆ ಸೇರಿರಲಿಲ್ಲ. ಆದರೂ ಕಾನೂನಿನ ದೃಷ್ಟಿಯಲ್ಲಿ ಅದು ಸಮಾಧಾನವಾಗಲಿಲ್ಲ. 1977ರಲ್ಲಿ ಅವರು ಕಾಂಗ್ರೆಸ್ಸಿಗೆ ಪೂರ್ಣ ಸಾಕ್ಷ್ಯ ನೀಡದ ಆರೋಪವನ್ನು ತಾವು ಎದುರಿಸುವುದಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿದರು. 2,000 ಡಾಲರ್ ದಂಡವನ್ನೂ ಎರಡು ವರ್ಷಗಳ ಅಮಾನತಿನ ಸೆರೆವಾಸವನ್ನೂ ವಿಧಿಸಲಾಯಿತು. ದಂಡದ ಹಣವನ್ನು ನಿವೃತ್ತ ಸಹೋದ್ಯೋಗಿಗಳು ಚಂದಾ ಎತ್ತಿ ಕೊಟ್ಟರು.

ಅಷ್ಟರಲ್ಲಿ ವ್ಯವಸ್ಥೆಯೇ ಬದಲಾಗಿತ್ತು. ಸಂಸ್ಥೆಯು ಸ್ವದೇಶದ ಪ್ರಜೆಗಳ ಮೇಲೆಯೇ ಕಣ್ಣಿಟ್ಟಿತ್ತೆಂಬ ಸೀಮೋರ್ ಹರ್ಷ್ ಅವರ ವರದಿ 1974ರ ಡಿಸೆಂಬರ್ 22ರ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ತಿಂಗಳ ಕೊನೆಯಲ್ಲಿ ಜಾರಿಗೆ ಬಂದ ಹ್ಯೂಸ್–ರಯಾನ್ ತಿದ್ದುಪಡಿಯು, ಪ್ರತಿಯೊಂದು ರಹಸ್ಯ ಕಾರ್ಯಾಚರಣೆಗೂ ಅದು ದೇಶದ ಭದ್ರತೆಗೆ ಅಗತ್ಯವೆಂದು ಸ್ವತಃ ರಾಷ್ಟ್ರಾಧ್ಯಕ್ಷರೇ ನಿರ್ಣಯಿಸಬೇಕು, ಅದನ್ನು ಸಂಬಂಧಪಟ್ಟ ಸಮಿತಿಗಳಿಗೆ ತಿಳಿಸಬೇಕು ಎಂದು ವಿಧಿಸಿತು. ಈ ನಿರ್ಣಯವನ್ನು ಆಡಳಿತ ಪರಿಭಾಷೆಯಲ್ಲಿ 'ಫೈಂಡಿಂಗ್' ಎನ್ನುತ್ತಾರೆ. 1975ರಲ್ಲಿ ಸೆನೆಟ್ಟಿನ ಚರ್ಚ್ ಸಮಿತಿಯೂ ಪ್ರತಿನಿಧಿ ಸಭೆಯ ಪೈಕ್ ಸಮಿತಿಯೂ ಸಂಸ್ಥೆಯ ಹಳೆಯ ಕಡತಗಳನ್ನು ತೆರೆದವು. ಇವುಗಳ ಫಲವಾಗಿ 1976ರ ಮೇ 19ರಂದು 72–22 ಮತಗಳಿಂದ ಸೆನೆಟ್ಟಿನ ಗುಪ್ತಚರ ಆಯ್ಕೆ ಸಮಿತಿಯೂ, 1977ರ ಜುಲೈನಲ್ಲಿ ಪ್ರತಿನಿಧಿ ಸಭೆಯ ಗುಪ್ತಚರ ಸಮಿತಿಯೂ ಸ್ಥಾಪನೆಯಾದವು. ಡೇನಿಯಲ್ ಇನೊಯೆ ಮತ್ತು ಎಡ್ವರ್ಡ್ ಬೋಲಂಡ್ ಅನುಕ್ರಮವಾಗಿ ಅವುಗಳ ಮೊದಲ ಅಧ್ಯಕ್ಷರು. ಒಂದು ಹಂತದಲ್ಲಿ ಎಂಟು ಸಮಿತಿಗಳಿಗೆ ರಹಸ್ಯ ಕಾರ್ಯಾಚರಣೆಗಳನ್ನು ತಿಳಿಸಬೇಕಾಗಿತ್ತು. 1980ರ ಗುಪ್ತಚರ ಮೇಲ್ವಿಚಾರಣಾ ಕಾಯಿದೆಯು ಅದನ್ನು ಈ ಎರಡು ಸಮಿತಿಗಳಿಗೆ ಸೀಮಿತಗೊಳಿಸಿತು. 'ಸಂಪೂರ್ಣವಾಗಿ ಮತ್ತು ಸಕಾಲಿಕವಾಗಿ' ಎಂಬ ನುಡಿ ಗುಪ್ತಚರ ಕಾನೂನಿನಲ್ಲಿ ಸೇರಿದ್ದು ಆಗ.

ದಿನನಿತ್ಯದ ಕಾರ್ಯವಿಧಾನ

ಒಬ್ಬ ವಕೀಲರ ಮೇಜಿನಿಂದ ಆರಂಭವಾದ ಕೆಲಸವು ಸಮಿತಿಗಳು ಹುಟ್ಟಿದ ಮೇಲೆ ಒಂದು ಪೂರ್ಣ ಕಚೇರಿಯಾಗಿ ಬೆಳೆಯಿತು. ಹೆಸರು ಹಲವು ಬಾರಿ ಬದಲಾಗಿ, 1980ರ ದಶಕದಲ್ಲಿ ಈಗಿನ ಹೆಸರು ನೆಲೆಗೊಂಡಿತು. ಆ ದಶಕದ ಮಧ್ಯಭಾಗದಲ್ಲಿಯೇ ಸಂಸ್ಥೆಯು ವರ್ಷಕ್ಕೆ ಸಾವಿರಕ್ಕೂ ಹೆಚ್ಚು ವಿವರಣಾ ಸಭೆಗಳನ್ನು ಕಾಂಗ್ರೆಸ್ಸಿಗಾಗಿ ನಡೆಸುತ್ತಿತ್ತು.

ವಿವರಣಾ ಸಭೆಯೇ ಈ ಸಂಪರ್ಕದ ಮುಖ್ಯ ಸಾಧನ. ಸಮಿತಿಯ ಸದಸ್ಯರಾಗಲಿ, ಬಹುತೇಕ ಸಂದರ್ಭಗಳಲ್ಲಿ ಸಮಿತಿಯ ಸಿಬ್ಬಂದಿಯಾಗಲಿ ಒಂದು ವಿಷಯದ ಬಗ್ಗೆ ವಿವರಣೆ ಕೋರುತ್ತಾರೆ. ಸಂಪರ್ಕಾಧಿಕಾರಿಯು ಆ ಕೋರಿಕೆಯನ್ನು ದಾಖಲಿಸಿಕೊಂಡು, ಸಂಸ್ಥೆಯೊಳಗೆ ಆ ವಿಷಯವನ್ನು ಬಲ್ಲ ವಿಶ್ಲೇಷಕರನ್ನು ಅಥವಾ ಕಾರ್ಯಾಚರಣೆಯ ಅಧಿಕಾರಿಯನ್ನು ಗುರುತಿಸಿ, ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಸಂಬಂಧಪಟ್ಟ ವಿಭಾಗಗಳೊಡನೆ ಗೊತ್ತುಮಾಡಿಕೊಂಡು, ಅವರ ಜೊತೆಯಲ್ಲಿ ತಾನೂ ಹೋಗುತ್ತಾನೆ. ಸಭೆ ನಡೆಯುವುದು ಕದ್ದಾಲಿಕೆಗೆ ಅವಕಾಶವಿಲ್ಲದಂತೆ ಕಟ್ಟಿದ ಕೊಠಡಿಗಳಲ್ಲಿ. ಸೆನೆಟ್ ಸಮಿತಿಯ ಅಂಥ ಕೊಠಡಿ ಹಾರ್ಟ್ ಕಟ್ಟಡದ 219ನೇ ಸಂಖ್ಯೆಯದು. ಪ್ರತಿನಿಧಿ ಸಭೆಯ ಸಮಿತಿಯದು ಸಂಸತ್ ಭವನದ ಸಂದರ್ಶಕರ ಕೇಂದ್ರದ ನೆಲಮಾಳಿಗೆಯಲ್ಲಿದೆ. ಮೊಬೈಲ್ ದೂರವಾಣಿಯನ್ನು ಹೊರಗಿಟ್ಟೇ ಒಳಗೆ ಹೋಗಬೇಕು. ಸಂಪರ್ಕಾಧಿಕಾರಿಯ ನಿಜವಾದ ಕೆಲಸ ಅನಂತರ ಆರಂಭವಾಗುತ್ತದೆ: ಯಾರು ಹಾಜರಿದ್ದರು, ಯಾವ ಪ್ರಶ್ನೆ ಬಂತು, ಏನು ಉತ್ತರ ಕೊಡಲಾಯಿತು, ಯಾವ ಪ್ರಶ್ನೆಗೆ ಮುಂದೆ ಉತ್ತರಿಸುವುದಾಗಿ ಮಾತು ಕೊಡಲಾಯಿತು ಎಂಬುದನ್ನು ಟಿಪ್ಪಣಿಯಾಗಿ ಬರೆದಿಡುವುದು. ನೋಡಲು ಇದು ಗುಮಾಸ್ತಿಕೆ. ವರ್ಷಗಳ ಬಳಿಕ ವಿವಾದ ಎದ್ದಾಗ ಮಾತ್ರ ಈ ಟಿಪ್ಪಣಿಯ ಬೆಲೆ ತಿಳಿಯುತ್ತದೆ.

ಎರಡನೆಯದು ಲಿಖಿತ ಸೂಚನೆ. ಕಾರ್ಯಾಚರಣೆಯೊಂದು ವಿಫಲವಾದಾಗ, ಮಹತ್ವದ ಹೊಸ ಚಟುವಟಿಕೆ ಆರಂಭವಾದಾಗ, ಕಾನೂನಿಗೆ ವಿರುದ್ಧವಾದುದೇನಾದರೂ ನಡೆದಾಗ ಸಮಿತಿ ಕೇಳುವವರೆಗೆ ಕಾಯದೆ ಸೂಚನಾಪತ್ರ ಕಳುಹಿಸಬೇಕು. ಯಾವುದು 'ಮಹತ್ವದ್ದು' ಎಂಬುದರ ತೀರ್ಮಾನ ಮೊದಲು ಸಂಸ್ಥೆಯದೇ ಆಗಿರುವುದರಿಂದ ತಕರಾರುಗಳು ಹೆಚ್ಚಾಗಿ ಇಲ್ಲಿಯೇ ಹುಟ್ಟುತ್ತವೆ.

ಇವಲ್ಲದೆ ವಿಚಾರಣೆಗೆ ಹೋಗುವ ನಿರ್ದೇಶಕರಿಗೆ ಸಂಭಾವ್ಯ ಪ್ರಶ್ನೆಗಳನ್ನೊಡ್ಡಿ ತಾಲೀಮು ಮಾಡಿಸುವುದು, ವಿಚಾರಣೆಯ ಬಳಿಕ ಬರುವ ಲಿಖಿತ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸುವುದು, ಕಾಂಗ್ರೆಸ್ ಆದೇಶಿಸಿದ ವರದಿಗಳನ್ನು ಗಡುವಿನೊಳಗೆ ಒಪ್ಪಿಸುವುದು, ಮಸೂದೆಗಳ ಬಗ್ಗೆ ಸಂಸ್ಥೆಯ ಅಭಿಪ್ರಾಯ ತಿಳಿಸುವುದು, ಸಂಸದರು ವಿದೇಶ ಪ್ರವಾಸ ಹೊರಟಾಗ ಅಲ್ಲಿನ ಸಂಸ್ಥೆಯ ಅಧಿಕಾರಿಗಳೊಡನೆ ಭೇಟಿ ಏರ್ಪಡಿಸುವುದು, ಮತದಾರರು ತಮ್ಮ ಪ್ರತಿನಿಧಿಗಳ ಮೂಲಕ ಕಳುಹಿಸುವ ಅಹವಾಲುಗಳಿಗೆ ಉತ್ತರಿಸುವುದು – ಇವೆಲ್ಲವೂ ಕಚೇರಿಯ ಪಾಲಿನ ಕೆಲಸಗಳೇ. ವಾರ್ಷಿಕ ಆಯವ್ಯಯದ ಋತುವಿನಲ್ಲಿ ಇವು ಇಮ್ಮಡಿಯಾಗುತ್ತವೆ. ಸಂಸ್ಥೆಗೆ ಹಣ ಮಂಜೂರು ಮಾಡುವ ಅಧಿಕಾರ ಕಾಂಗ್ರೆಸ್ಸಿನ ಕೈಯಲ್ಲಿರುವುದರಿಂದ, ಉತ್ತರ ತಡವಾದರೆ ಅದರ ಪರಿಣಾಮ ಆಯವ್ಯಯದ ಗೋಪ್ಯ ಅನುಬಂಧದಲ್ಲಿ ಕಾಣಿಸಿಕೊಳ್ಳಬಹುದು.

ಚುನಾಯಿತ ಸಂಸದರಿಗೆ ಪ್ರತ್ಯೇಕ ಭದ್ರತಾ ತಪಾಸಣೆ ಇಲ್ಲ. ಅವರು ಜನರಿಂದ ಆಯ್ಕೆಯಾದವರೆಂಬುದೇ ಅರ್ಹತೆ. ಅವರ ಸಿಬ್ಬಂದಿಗೆ ಮಾತ್ರ ತಪಾಸಣೆ ಕಡ್ಡಾಯ. ವಿಷಯಗಳ ಒಳಸುಳಿಗಳನ್ನು ವರ್ಷಗಟ್ಟಲೆ ಬೆನ್ನಟ್ಟುವವರು ಈ ಸಿಬ್ಬಂದಿಯೇ. ಆದ್ದರಿಂದ ಸಂಪರ್ಕಾಧಿಕಾರಿಯ ದಿನದ ಮಾತುಕತೆ ಸೆನೆಟರುಗಳಿಗಿಂತ ಹೆಚ್ಚಾಗಿ ಇವರೊಡನೆ ನಡೆಯುತ್ತದೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದವರೂ ಇದ್ದಾರೆ. 1997ರಲ್ಲಿ ಸಂಸ್ಥೆಯ ನಿರ್ದೇಶಕರಾದ ಜಾರ್ಜ್ ಟೆನೆಟ್ ಹಿಂದೆ ಸೆನೆಟ್ ಸಮಿತಿಯ ಸಿಬ್ಬಂದಿ ಮುಖ್ಯಸ್ಥರಾಗಿದ್ದರು; 2004ರಲ್ಲಿ ನಿರ್ದೇಶಕರಾದ ಪೋರ್ಟರ್ ಗಾಸ್ ಪ್ರತಿನಿಧಿ ಸಭೆಯ ಸಮಿತಿಯ ಅಧ್ಯಕ್ಷರಾಗಿದ್ದವರು.

ಎಂಟು ಮಂದಿಯ ಕೂಟ

ಅಸಾಧಾರಣ ಸಂದರ್ಭಗಳಲ್ಲಿ ರಹಸ್ಯ ಕಾರ್ಯಾಚರಣೆಯನ್ನು ಇಡೀ ಸಮಿತಿಗೆ ತಿಳಿಸದೆ, ಎರಡೂ ಸದನಗಳ ಇಬ್ಬಿಬ್ಬರು ಪಕ್ಷನಾಯಕರು ಹಾಗೂ ಎರಡೂ ಸಮಿತಿಗಳ ಇಬ್ಬಿಬ್ಬರು ಮುಖಂಡರು, ಒಟ್ಟು ಎಂಟು ಜನರಿಗೆ ಮಾತ್ರ ತಿಳಿಸಲು 1980ರ ಕಾಯಿದೆ ಅವಕಾಶ ನೀಡಿತು. ಇದಕ್ಕೆ 'ಗ್ಯಾಂಗ್ ಆಫ್ ಏಟ್' ಎಂಬ ಹೆಸರು ರೂಢಿಯಲ್ಲಿದೆ. ಇಲ್ಲಿ ಕೇಳಿದ್ದನ್ನು ಸಿಬ್ಬಂದಿಯೊಡನೆ ಚರ್ಚಿಸುವಂತಿಲ್ಲ, ತಜ್ಞರನ್ನು ಕೇಳುವಂತಿಲ್ಲ. ಇದೇ ಮಾದರಿಯ ನಿರ್ಬಂಧದೊಡನೆ, ಸಿ.ಐ.ಎ.ಯಲ್ಲದ ಇನ್ನೊಂದು ಗುಪ್ತಚರ ಸಂಸ್ಥೆಯ ದೂರಸಂಪರ್ಕ ಕಣ್ಗಾವಲಿನ ವಿವರಣೆ ಪಡೆದ ಸೆನೆಟರ್ ಜೇ ರಾಕ್‌ಫೆಲರ್ ಅವರು 2003ರ ಜುಲೈ 17ರಂದು ಉಪಾಧ್ಯಕ್ಷ ಡಿಕ್ ಚೇನಿ ಅವರಿಗೆ ತಮ್ಮ ಆತಂಕವನ್ನು ಕೈಬರಹದಲ್ಲಿಯೇ ಬರೆದು ಕಳುಹಿಸಿ, ಪ್ರತಿಯೊಂದನ್ನು ಮೊಹರು ಮಾಡಿ ಸಮಿತಿಯ ಭದ್ರ ಕೊಠಡಿಯಲ್ಲಿರಿಸಿದರು. 'ತಿಳಿಸಲಾಗಿದೆ' ಎಂಬ ದಾಖಲೆಗೂ ತಿಳಿದವರು ಏನಾದರೂ ಮಾಡಬಲ್ಲರು ಎಂಬುದಕ್ಕೂ ನಡುವಿನ ಅಂತರವನ್ನು ಈ ಪತ್ರ ತೋರಿಸುತ್ತದೆ. 2010ರ ತಿದ್ದುಪಡಿಯ ನಂತರ, ಹೀಗೆ ಕೆಲವರಿಗಷ್ಟೇ ತಿಳಿಸಿದ ಸಂದರ್ಭದಲ್ಲಿ ಸಮಿತಿಯ ಉಳಿದ ಸದಸ್ಯರಿಗೂ ವಿಷಯದ ಸ್ಥೂಲ ವಿವರಣೆಯನ್ನಾದರೂ ನೀಡಬೇಕಾಗಿದೆ.

ನಿಕರಾಗುವಾ ಬಂದರುಗಳ ಪ್ರಕರಣ

ಸಂಪರ್ಕ ಕಾರ್ಯದ ಇತಿಹಾಸದಲ್ಲಿ ಅತ್ಯಂತ ಬೋಧಪ್ರದವಾದ ಘಟನೆ 1984ರದು. ರೇಗನ್ ಆಡಳಿತದಲ್ಲಿ ನಿರ್ದೇಶಕರಾಗಿದ್ದ ವಿಲಿಯಂ ಕೇಸಿ ಅವರ ಅವಧಿಯಲ್ಲಿ ಸಂಸ್ಥೆಯು ನಿಕರಾಗುವಾದ ಬಂದರುಗಳಲ್ಲಿ ನೀರಿನಡಿಯ ಸ್ಫೋಟಕಗಳಾದ ಮೈನುಗಳನ್ನು ಇರಿಸಿತ್ತು. ಪ್ರತಿನಿಧಿ ಸಭೆಯ ಸಮಿತಿಗೆ ಇದರ ವಿವರ ಮುಂಚೆಯೇ ಸಿಕ್ಕಿತ್ತು. ಸೆನೆಟ್ ಸಮಿತಿಯ ಮುಂದೆ ಮಾರ್ಚ್ 8ರಂದು ನೀಡಿದ ಸುದೀರ್ಘ ಸಾಕ್ಷ್ಯದಲ್ಲಿ ಕೇಸಿ ಆ ಸಂಗತಿಯನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದರು. ಮೈನುಗಳನ್ನು ಇಟ್ಟವರು ಯಾರೆಂಬುದು ಆ ವಾಕ್ಯದಿಂದ ಸ್ಪಷ್ಟವಾಗುತ್ತಿರಲಿಲ್ಲ. ಮಾತನ್ನು ಗೊಣಗುವಂತೆ ಆಡುವುದು ಅವರ ಅಭ್ಯಾಸವೆಂದು ಆಗಲೇ ಪ್ರಸಿದ್ಧವಾಗಿದ್ದುದರಿಂದ, ಹಾಜರಿದ್ದ ಹಲವರಿಗೆ ಅದು ಕಿವಿಗೆ ಬಿದ್ದರೂ ಮನಸ್ಸಿಗೆ ನಾಟಲಿಲ್ಲ.

ಏಪ್ರಿಲ್ ತಿಂಗಳಲ್ಲಿ ಸತ್ಯ ಬಯಲಾದಾಗ ಸಮಿತಿಯ ಅಧ್ಯಕ್ಷ ಬ್ಯಾರಿ ಗೋಲ್ಡ್‌ವಾಟರ್ ಕೆರಳಿದರು. ಅವರು ಅಧ್ಯಕ್ಷ ರೇಗನ್ನರ ಪಕ್ಷದವರೇ, ಸಂಸ್ಥೆಯ ಹಿತೈಷಿಗಳೇ. ಕೇಸಿ ಅವರಿಗೆ ಅವರು ಬರೆದ ಕಟುವಾದ ಪತ್ರ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಸೆನೆಟ್ 84–12 ಮತಗಳಿಂದ ಮೈನು ಹಾಕುವುದನ್ನು ವಿರೋಧಿಸಿತು. ಉಪಾಧ್ಯಕ್ಷ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್ ಪ್ರತಿಭಟನೆಯಾಗಿ ಸಮಿತಿಯ ಸ್ಥಾನಕ್ಕೆ ರಾಜೀನಾಮೆ ಘೋಷಿಸಿದರು. ಕೇಸಿ ಸಮಿತಿಯ ಮುಂದೆ ಕ್ಷಮೆ ಯಾಚಿಸಿದ ಬಳಿಕ ಹಿಂತೆಗೆದುಕೊಂಡರು. ನಾವು ಹೇಳಿದ್ದೇವೆ ಎಂಬುದು ಸಂಸ್ಥೆಯ ವಾದ. ನಮಗೆ ತಿಳಿಯುವಂತೆ ಹೇಳಲಿಲ್ಲ ಎಂಬುದು ಸಮಿತಿಯ ವಾದ. ಅಕ್ಷರಾರ್ಥದಲ್ಲಿ ಎರಡೂ ಸುಳ್ಳಲ್ಲ. ಆದರೆ ತಿಳಿಸುವ ಹೊಣೆ ಬಲ್ಲವನದು, ಕೇಳುವವನದಲ್ಲ ಎಂಬ ತತ್ತ್ವವೇ ಕೊನೆಗೆ ನಿಂತಿತು. ಅದೇ ಜೂನ್ ತಿಂಗಳಲ್ಲಿ ಕೇಸಿ ಮತ್ತು ಸಮಿತಿಯ ಮುಖಂಡರ ನಡುವೆ ಲಿಖಿತ ಒಪ್ಪಂದವಾಗಿ, ಈಗಾಗಲೇ ನಡೆಯುತ್ತಿರುವ ಕಾರ್ಯಾಚರಣೆಗೆ ಮಹತ್ವದ ಹೊಸ ಅಂಶ ಸೇರುವಾಗಲೂ ಮುಂಚಿತವಾಗಿ ತಿಳಿಸಬೇಕೆಂದು ಗೊತ್ತಾಯಿತು.

ಆ ಸಮಯದಲ್ಲಿ ಕಾಂಗ್ರೆಸ್ ಸಂಪರ್ಕದ ಹೊಣೆ ಹೊತ್ತಿದ್ದವರು ಕ್ಲೇರ್ ಜಾರ್ಜ್. ವೃತ್ತಿಯಿಂದ ಅವರು ಗೂಢಚಾರ ಅಧಿಕಾರಿ. ಹೆಚ್ಚು ಹೇಳಬಾರದೆಂಬುದೇ ಅವರು ಜೀವಮಾನವಿಡೀ ಕಲಿತ ಪಾಠ. ಅದೇ ವರ್ಷ ಅವರು ರಹಸ್ಯ ಕಾರ್ಯಾಚರಣೆಗಳ ಮುಖ್ಯಸ್ಥರಾಗಿ ಬಡ್ತಿ ಪಡೆದರು.

ಇರಾನ್–ಕಾಂಟ್ರಾ ಮತ್ತು 1991ರ ಕಾನೂನು

ಇರಾನಿಗೆ ಶಸ್ತ್ರಾಸ್ತ್ರ ಮಾರುವ ಕುರಿತು 1986ರ ಜನವರಿ 17ರಂದು ಅಧ್ಯಕ್ಷ ರೇಗನ್ ಸಹಿ ಮಾಡಿದ ನಿರ್ಣಯಪತ್ರದಲ್ಲಿ ಕಾಂಗ್ರೆಸ್ಸಿಗೆ ತಿಳಿಸಬಾರದೆಂಬ ಸೂಚನೆಯಿತ್ತು. ವಿಷಯವನ್ನು ಲೆಬನಾನಿನ ಪತ್ರಿಕೆಯೊಂದು ನವೆಂಬರ್ ಆರಂಭದಲ್ಲಿ ಹೊರಹಾಕುವವರೆಗೆ, ಒಂಬತ್ತು ತಿಂಗಳಿಗೂ ಮಿಕ್ಕಿ, ಸಮಿತಿಗಳು ಕತ್ತಲಲ್ಲಿಯೇ ಇದ್ದವು. ಇದಕ್ಕೂ ಮುಂಚೆ ತಡವಾಗಿ ತಿಳಿಸಿದ ನಿದರ್ಶನ ಇಲ್ಲದಿರಲಿಲ್ಲ. 1980ರಲ್ಲಿ ಟೆಹರಾನಿನ ಕೆನಡಾ ರಾಯಭಾರಿಗಳ ಆಶ್ರಯದಲ್ಲಿದ್ದ ಆರು ಮಂದಿ ಅಮೆರಿಕನ್ನರನ್ನು ಹೊರತಂದ ಕಾರ್ಯಾಚರಣೆಯನ್ನೂ ಕಾಂಗ್ರೆಸ್ಸಿಗೆ ಮುಂಚಿತವಾಗಿ ತಿಳಿಸಿರಲಿಲ್ಲ. ಅಲ್ಲಿ ಅಪಾಯದಲ್ಲಿದ್ದುದು ಆರು ಪ್ರಾಣಗಳಾದುದರಿಂದ ಯಾರೂ ಹೆಚ್ಚು ತಕರಾರು ತೆಗೆಯಲಿಲ್ಲ. ಇರಾನಿನ ಶಸ್ತ್ರ ವ್ಯಾಪಾರಕ್ಕೆ ಅಂಥ ಸಮರ್ಥನೆ ದೊರೆಯಲಿಲ್ಲ.

ಕ್ಲೇರ್ ಜಾರ್ಜ್ ಅವರು ಈ ಹಗರಣದ ಸಂದರ್ಭದಲ್ಲಿ ಕಾಂಗ್ರೆಸ್ ಸಮಿತಿಗಳಿಗೆ ಸುಳ್ಳು ಹೇಳಿದ ಎರಡು ಆರೋಪಗಳಲ್ಲಿ 1992ರ ಡಿಸೆಂಬರ್‌ನಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಶಿಕ್ಷೆ ಪ್ರಕಟವಾಗುವ ಮುನ್ನವೇ, ಡಿಸೆಂಬರ್ 24ರಂದು, ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರು ಕ್ಷಮಾದಾನ ನೀಡಿದರು. ಒಮ್ಮೆ ಕಾಂಗ್ರೆಸ್ಸಿಗೆ ಮಾಹಿತಿ ನೀಡುವ ಕಚೇರಿಯನ್ನೇ ನಡೆಸಿದ್ದ ಅಧಿಕಾರಿಯ ವಿಷಯದಲ್ಲಿ ಹೀಗಾಯಿತು. ಅಷ್ಟರಲ್ಲಿ 1991ರ ಕಾನೂನು ಬಂದಿತ್ತು. ಅದರಂತೆ ಅಧ್ಯಕ್ಷರ ನಿರ್ಣಯ ಲಿಖಿತವಾಗಿಯೇ ಇರಬೇಕು. ನಡೆದುಹೋದ ಕೆಲಸಕ್ಕೆ ಹಿಂದಿನಿಂದ ಅನುಮತಿ ಕೊಡುವಂತಿಲ್ಲ.

ದಾಖಲೆಯ ವಿವಾದಗಳು

2001ರ ಭಯೋತ್ಪಾದಕ ದಾಳಿಯ ಬಳಿಕ ಸಂಸ್ಥೆಯು ಬಂಧಿತರ ಮೇಲೆ ಪ್ರಯೋಗಿಸಿದ ಕ್ರೂರ ವಿಚಾರಣಾ ವಿಧಾನಗಳು ಯಾರಿಗೆ, ಯಾವಾಗ ತಿಳಿದಿದ್ದವು ಎಂಬುದು 2009ರಲ್ಲಿ ದೊಡ್ಡ ವಿವಾದವಾಯಿತು. ಪ್ರತಿನಿಧಿ ಸಭೆಯ ಅಧ್ಯಕ್ಷೆ ನ್ಯಾನ್ಸಿ ಪೆಲೋಸಿ ಅವರು ತಮಗೆ 2002ರಲ್ಲಿ ಪೂರ್ಣ ಸತ್ಯ ಹೇಳಲಿಲ್ಲವೆಂದರು. ಸಂಸ್ಥೆಯು ತಾನು ನಡೆಸಿದ ವಿವರಣಾ ಸಭೆಗಳ ಪಟ್ಟಿಯನ್ನು ಒದಗಿಸಿತು. ಆ ಪಟ್ಟಿಯಲ್ಲಿ ತಮ್ಮ ಹೆಸರಿನೆದುರು ಇದ್ದ ದಿನಾಂಕಗಳನ್ನು ಮಾಜಿ ಸೆನೆಟರ್ ಬಾಬ್ ಗ್ರಹಾಂ ತಮ್ಮ ಕಿರುಪುಸ್ತಕಗಳೊಡನೆ ತಾಳೆ ನೋಡಿದರು. ತಾವು ಕಂಡವರು, ಹೋದ ಸ್ಥಳಗಳು ಎಲ್ಲವನ್ನೂ ದಿನವೂ ಬರೆದಿಡುವ ಅವರ ಅಭ್ಯಾಸವನ್ನು ಹಿಂದೆ ಹಲವರು ಹಾಸ್ಯ ಮಾಡಿದ್ದರು. ಪಟ್ಟಿಯಲ್ಲಿದ್ದ ನಾಲ್ಕು ದಿನಾಂಕಗಳ ಪೈಕಿ ಮೂರರಂದು ಅಂಥ ಸಭೆ ನಡೆದೇ ಇರಲಿಲ್ಲವೆಂದು ಅವರು ತೋರಿಸಿದರು, ಸಂಸ್ಥೆ ಒಪ್ಪಿಕೊಂಡಿತು.

ಇದೇ ವಿಷಯದ ಮೇಲೆ ಸೆನೆಟ್ ಸಮಿತಿಯು ನಡೆಸಿದ ದೀರ್ಘ ತನಿಖೆಯಲ್ಲಿ ಸಂಬಂಧ ಮತ್ತಷ್ಟು ಹದಗೆಟ್ಟಿತು. ಸಮಿತಿಯ ಸಿಬ್ಬಂದಿ ಉತ್ತರ ವರ್ಜೀನಿಯಾದಲ್ಲಿ ಸಂಸ್ಥೆಯು ಒದಗಿಸಿದ ಕಟ್ಟಡದಲ್ಲಿ, ಸಂಸ್ಥೆಯೇ ಒದಗಿಸಿದ ಕಂಪ್ಯೂಟರುಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಪುಟಗಳನ್ನು ಪರಿಶೀಲಿಸಬೇಕಾಗಿತ್ತು. ಸಿಬ್ಬಂದಿಯ ಪಾಲಿನ ಕಡತಗಳೊಳಗೆ ಸಂಸ್ಥೆ ಇಣುಕಿದೆಯೆಂದು ಸಮಿತಿಯ ಅಧ್ಯಕ್ಷೆ ಡಯಾನ್ ಫೈನ್‌ಸ್ಟೈನ್ ಅವರು 2014ರ ಮಾರ್ಚ್ 11ರಂದು ಸೆನೆಟ್ಟಿನಲ್ಲಿಯೇ ಆಪಾದಿಸಿದರು. ಜುಲೈನಲ್ಲಿ ಸಂಸ್ಥೆಯ ಇನ್‌ಸ್ಪೆಕ್ಟರ್ ಜನರಲ್ ಅವರು ಐವರು ನೌಕರರು ಅನುಚಿತವಾಗಿ ಪ್ರವೇಶ ಪಡೆದಿದ್ದರೆಂದು ಕಂಡುಕೊಂಡರು. ನಿರ್ದೇಶಕ ಜಾನ್ ಬ್ರೆನ್ನನ್ ಕ್ಷಮೆ ಕೇಳಿದರು. ಸಂಸ್ಥೆಯೇ ನೇಮಿಸಿದ ಮಂಡಲಿಯು ಬಳಿಕ ಯಾರ ಮೇಲೂ ಶಿಸ್ತುಕ್ರಮ ಬೇಡವೆಂದಿತು. 6,700ಕ್ಕೂ ಹೆಚ್ಚು ಪುಟಗಳ ವರದಿಯ ಸಾರಾಂಶ ಮಾತ್ರ 2014ರ ಡಿಸೆಂಬರ್ 9ರಂದು ಪ್ರಕಟವಾಯಿತು.

ತಪ್ಪು ಯಾವಾಗಲೂ ಒಂದೇ ಕಡೆಯದಲ್ಲ. ಇರಾಕಿನ ಶಸ್ತ್ರಾಸ್ತ್ರಗಳ ಕುರಿತ 2002ರ ಅಕ್ಟೋಬರ್ ತಿಂಗಳ ಗುಪ್ತಚರ ಅಂದಾಜನ್ನು ಸೆನೆಟರುಗಳ ಒತ್ತಾಯದಿಂದಲೇ ತರಾತುರಿಯಲ್ಲಿ ಸಿದ್ಧಪಡಿಸಲಾಗಿತ್ತು. ತೊಂಬತ್ತಕ್ಕೂ ಹೆಚ್ಚು ಪುಟಗಳ ಆ ದಾಖಲೆ ಭದ್ರ ಕೊಠಡಿಯಲ್ಲಿ ಸದಸ್ಯರಿಗೆ ಲಭ್ಯವಿತ್ತು. ಭಿನ್ನಮತದ ಟಿಪ್ಪಣಿಗಳೂ ಅದರಲ್ಲಿದ್ದವು. ಯುದ್ಧಕ್ಕೆ ಅನುಮತಿ ನೀಡುವ ಮತದಾನಕ್ಕೆ ಮುನ್ನ ಅದನ್ನು ಪೂರ್ತಿಯಾಗಿ ಓದಿದ ಸೆನೆಟರುಗಳು ಬೆರಳೆಣಿಕೆಯಷ್ಟು ಮಾತ್ರ. ಓದಿದ ಬಾಬ್ ಗ್ರಹಾಂ ವಿರುದ್ಧವಾಗಿ ಮತ ಹಾಕಿದರು.

ಭಾರತದಲ್ಲಿ

ಭಾರತದ ಗುಪ್ತಚರ ಸಂಸ್ಥೆಗಳಿಗೆ ಇಂಥ ಸಂಸದೀಯ ಸಮಿತಿಯಾಗಲಿ, ಅದರೊಡನೆ ವ್ಯವಹರಿಸುವ ಶಾಸನಬದ್ಧ ಹೊಣೆಯಾಗಲಿ ಇಲ್ಲ. ವಿದೇಶ ಗುಪ್ತಚರ ಸಂಸ್ಥೆಯಾದ 'ರಾ' 1968ರಲ್ಲಿ ಸರ್ಕಾರದ ಆದೇಶದಿಂದ ಸ್ಥಾಪನೆಯಾಯಿತೇ ಹೊರತು ಸಂಸತ್ತಿನ ಕಾಯಿದೆಯಿಂದಲ್ಲ. ಮಾಹಿತಿ ಹಕ್ಕು ಕಾಯಿದೆಯ 24ನೇ ಪ್ರಕರಣವು ಗುಪ್ತಚರ ದಳಕ್ಕೂ 'ರಾ'ಗೂ ಬಹುಮಟ್ಟಿನ ವಿನಾಯಿತಿ ನೀಡಿದೆ. ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳು ಮಾತ್ರ ಇದಕ್ಕೆ ಅಪವಾದ. 2010ರ ಜನವರಿಯಲ್ಲಿ ಉಪರಾಷ್ಟ್ರಪತಿ ಹಮೀದ್ ಅನ್ಸಾರಿ ಅವರು ಆರ್. ಎನ್. ಕಾವ್ ಸ್ಮಾರಕ ಉಪನ್ಯಾಸದಲ್ಲಿ ಸಂಸದೀಯ ಮೇಲ್ವಿಚಾರಣೆಯ ಅಗತ್ಯವನ್ನು ಪ್ರತಿಪಾದಿಸಿದರು. ಲೋಕಸಭಾ ಸದಸ್ಯ ಮನೀಶ್ ತಿವಾರಿ ಅವರು 2011ರಲ್ಲಿ ಈ ಉದ್ದೇಶದ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ.